ಗಾಜಿನ ಪೆಟ್ಟಿಗೆಯ ಕಡೆಗೆ ಎತ್ತಿದ ಅಂಗೈ

ನವೆಂಬರ್ ೩, ಸೋಮವಾರ

ಗೆದ್ದೆವು. ಇವತ್ತಿನಿಂದ ನಮ್ಮ ಸಭಾಂಗಣದಲ್ಲಿ ಯಂತ್ರ ಮಾತಾಡುತ್ತದೆ.

ಒಬ್ಬ ಪ್ರತಿನಿಧಿ ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಎದುರಿನವರ ಕಿವಿಯಲ್ಲಿ ಅದೇ ಮಾತು, ಅವರ ಭಾಷೆಯಲ್ಲಿ, ಆಡಿದವನ ದನಿಯಲ್ಲೇ. ಕೆಮ್ಮಿದರೆ ಕೆಮ್ಮು ಕೂಡ. ನಾನು ಗೋಡೆಯ ಪಕ್ಕ ನೀರಿನ ಹೂಜಿ ಹಿಡಿದು ನಿಂತಿದ್ದೆ. ಲೋಟ ತುಂಬುವುದನ್ನೇ ಮರೆತಿದ್ದೆ. ಎರಡು ವರ್ಷ ಮಳೆಯಲ್ಲಿ ನಿಂತು ಕರಪತ್ರ ಹಂಚಿದ್ದು ಇದಕ್ಕೇ. ‘ಕಾಯಿಸುವುದು ಬಲಶಾಲಿಯ ಆಯುಧ.’ ಈ ಸಾಲು ನನ್ನದು. ನಮ್ಮ ಬಳಗದ ವೌಟರ್ ತನ್ನದೆಂದು ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ, ಚಳವಳಿಯಲ್ಲಿ ನನ್ನದು ನಿನ್ನದು ಇಲ್ಲ.

ಈ ಹೇಗ್ ನಗರಕ್ಕೆ ದೇಶಗಳು ಬಂದು ವರ್ಷಗಟ್ಟಲೆ ಜಗಳವಾಡುತ್ತವೆ. ಶ್ರೀಮಂತ ದೇಶಕ್ಕೆ ಅದು ಚದುರಂಗ. ಬಡ ದೇಶ ಕಾದು ಕಾದು ಸುಸ್ತಾಗಿ, ಕೊಟ್ಟ ಕಾಗದಕ್ಕೆ ಸಹಿ ಹಾಕಿ ಮನೆಗೆ ಹೋಗುತ್ತದೆ. ನಡುವೆ ವಕೀಲರು, ಗುಮಾಸ್ತರು, ದುಭಾಷಿಗಳು ಕೂತು ನಿಧಾನವನ್ನೇ ತಿಂದು ಕೊಬ್ಬಿದ್ದಾರೆ. ಯಂತ್ರಕ್ಕೆ ಹೊಟ್ಟೆಯಿಲ್ಲ. (ಇದನ್ನು ಮುಂದಿನ ಕರಪತ್ರಕ್ಕೆ ಇಟ್ಟುಕೊಳ್ಳಬೇಕು.)

ಸಭಾಂಗಣದ ತುದಿಯ ಗಾಜಿನ ಪೆಟ್ಟಿಗೆಯಲ್ಲಿ ಬೆಪ್ ಇನ್ನೂ ಕೂತಿದ್ದಾಳೆ. ದುಭಾಷಿಯಾಗಿ ಆ ಗೂಡಿನಲ್ಲಿ ಮೂವತ್ತು ವರ್ಷ ಕೂತವಳು. ಅವಳ ಕರಾರು ವರ್ಷದ ಕೊನೆಯವರೆಗೆ ಇರುವುದರಿಂದ ದಿನಾ ಬಂದು ಕೂರಲೇಬೇಕಂತೆ, ಆದರೆ ಮಾತಾಡುವ ಹಾಗಿಲ್ಲ. ಹಸಿರು ಉಣ್ಣೆ ತಂದು ಹೆಣೆಯುತ್ತಾಳೆ. ತೊಟ್ಟಿಯೊಳಗಿನ ಮುದಿ ಮೀನು.

“ಏನಮ್ಮಾ ಕರಪತ್ರ, ಖುಷೀನಾ?” ಎಂದಳು ಮಧ್ಯಾಹ್ನ.

“ಖುಷಿ ಪಡೋದು ನಾನಲ್ಲ, ಜನ.”

“ಜನಕ್ಕೆ ನನ್ನ ನಮಸ್ಕಾರ ಹೇಳು. ಬಿಸ್ಕತ್ತು ಇದೆಯಾ?”

ಒಂದು ಕೊಟ್ಟು ಡಬ್ಬಿ ಮುಚ್ಚಿದೆ.

ನವೆಂಬರ್ ೫, ಬುಧವಾರ

ದೇಶಗಳ ಹೆಸರನ್ನು ಎಲ್ಲಿಯೂ ಬಾಯಿ ಬಿಡುವುದಿಲ್ಲ, ಎರಡೂ ಪಕ್ಷದವರೊಂದಿಗೆ ವ್ಯಾಜ್ಯದ ಬಗ್ಗೆ ಮಾತಾಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿದ್ದೇನೆ. ಹಾಗಾಗಿ ಇಲ್ಲೂ ಬರೆಯುವುದಿಲ್ಲ. ಒಂದು ನದಿ. ಮೇಲಿನವರು, ಕೆಳಗಿನವರು. ಅಷ್ಟು ಸಾಕು.

ಮೇಲಿನವರ ಬೆಟ್ಟದಲ್ಲಿ ಅಣೆಕಟ್ಟು ಇದೆ. ನಡುಚಳಿಗಾಲದಲ್ಲಿ ಅದರ ಬಾಗಿಲು ತೆಗೆದರೆ ವಿದ್ಯುತ್ತು, ವಿದ್ಯುತ್ತಿದ್ದರೆ ಮನೆ ಬೆಚ್ಚಗೆ. ಕೆಳಗಿನವರಿಗೆ ಆಗ ನೀರು ಬೇಡ. ಅವರಿಗೆ ಬೇಕಾಗುವುದು ಮಾರ್ಚಿನಲ್ಲಿ. ಅವರ ಹೊಲಗಳಲ್ಲಿ ಉಪ್ಪು ನೆಲದಿಂದ ಮೇಲೇರುತ್ತದೆ. ಬಿತ್ತುವ ಮುಂಚೆ ಹೊಲದ ತುಂಬ ನೀರು ನಿಲ್ಲಿಸಿ ಆ ಉಪ್ಪನ್ನು ಕೆಳಗಿಳಿಸಬೇಕು. ಅಷ್ಟರಲ್ಲಿ ನೀರೆಲ್ಲ ಜನವರಿಯಲ್ಲೇ ಹರಿದು ಮರಳಿನ ಪಾಲಾಗಿರುತ್ತದೆ. ಮಾರ್ಚಿಗೆಂದು ಎಷ್ಟು ಹಿಡಿದಿಡಬೇಕು ಎಂಬುದಷ್ಟೇ ಜಗಳ. ಡಿಸೆಂಬರ್ ನಡುವಿನಲ್ಲಿ ಬೆಟ್ಟದ ಮೇಲೆ ಕೊರೆಯುವ ಚಳಿ ಶುರುವಾಗುತ್ತದೆ. ಅದರೊಳಗೆ ಬಗೆಹರಿಯದಿದ್ದರೆ ಬಾಗಿಲು ಪೂರ್ತಿ ತೆರೆಯುತ್ತದೆ. ಕೆಳಗಿನವರ ಈ ವರ್ಷ ಅಲ್ಲಿಗೆ ಮುಗಿಯಿತು.

ಕೆಳಗಿನವರ ಮುಖ್ಯಸ್ಥೆ ಅಯ್‌ಜಮಾಲ್, ಮಣ್ಣು ಪರೀಕ್ಷೆ ಮಾಡುವವಳು. ಇಲ್ಲಿಗೆ ಬಂದದ್ದು ಇದೇ ಮೊದಲು. ಹಿಂದೆ ಬರುತ್ತಿದ್ದ ಮುದುಕ ಬೇಸಿಗೆಯಲ್ಲಿ ತೀರಿಕೊಂಡನಂತೆ. ಅವಳ ಹಿಂದೆ ರೈತ ಸಂಘದ ಇಬ್ಬರು ಮೀಸೆಯವರು. ಮೇಲಿನವರ ಮುಖ್ಯಸ್ಥ ಬೆಕ್ತೂರ್ ಹಳೆಯ ಹುಲಿ, ನನಗೆ ಹಲ್ಲು ಬರುವ ಕಾಲದಿಂದ ಈ ಸಭಾಂಗಣಕ್ಕೆ ಬರುತ್ತಿದ್ದಾನೆ. ಅವನ ಬೆನ್ನಿಗೆ ಸಚಿವಾಲಯದ ಮೂವರು, ಅವನು ಎಲ್ಲಿ ಮೆತ್ತಗಾಗುತ್ತಾನೋ ಎಂದು ಕಾದು ಕೂತಿರುತ್ತಾರೆ.

ಯಂತ್ರ ಎರಡೇ ದಿನದಲ್ಲಿ ನದಿಯ ಪೂರ್ತಿ ಚರಿತ್ರೆ ಓದಿ ಒಂದು ಗೆರೆ ಎಳೆದು ಕೊಟ್ಟಿತು. ಇಷ್ಟು ಚಳಿಗಾಲಕ್ಕೆ, ಇಷ್ಟು ಮಾರ್ಚಿಗೆ. ಎಳೆ ಮಗುವಿಗೂ ನ್ಯಾಯವೆನ್ನಿಸುವ ಗೆರೆ. ಇಬ್ಬರೂ ಬೇಡವೆಂದರು. ಬರಿಯ ಹಟ. ಒಂದು ವಾರ ಕೊಟ್ಟರೆ ದಾರಿಗೆ ಬರುತ್ತಾರೆ.

ನವೆಂಬರ್ ೧೩, ಗುರುವಾರ

ಮಂಜು. ಬೆಳಿಗ್ಗೆ ಕಡಲ ಬದಿಯ ಸ್ಖೇವನಿಂಗನ್ನಿನಲ್ಲಿ ಟ್ರಾಮ್ ಹತ್ತುವಾಗ ಕಡಲು ಇರಲಿಲ್ಲ, ಕಡಲಿನ ಸದ್ದಷ್ಟೇ ಇತ್ತು. ಸಭಾಂಗಣದ ಕಿಟಕಿಗಳೂ ಹಾಲು ಬಳಿದ ಹಾಗಿದ್ದವು. ನಾವೆಲ್ಲ ಯಾವುದೋ ಮೋಡದೊಳಗೆ ಮೇಜು ಹಾಕಿಕೊಂಡು ಕೂತಂತೆ.

ಅಯ್‌ಜಮಾಲ್ ಮೆಲ್ಲಗೆ ಮಾತಾಡುತ್ತಿದ್ದಳು. “ನಮ್ಮಲ್ಲಿ ಬೆಳಿಗ್ಗೆ ಎದ್ದು ನೋಡಿದ್ರೆ ಹೊಲ ಬೆಳ್ಳಗಿರುತ್ತೆ. ಚಿಕ್ಕ ಮಕ್ಕಳು ಹಿಮ ಬಿತ್ತು ಅಂತ ಕುಣೀತಾವೆ. ಬಾಯಿಗೆ ಹಾಕ್ಕೊಂಡ ಮೇಲೆ ಸುಮ್ಮನಾಗ್ತಾವೆ.”

ಬೆಕ್ತೂರ್ ಅರ್ಧ ಹಿಂದಕ್ಕೆ ತಿರುಗಿ, ಬೆನ್ನ ಹಿಂದಿನ ಮೂವರಿಗೂ ಕೇಳುವ ಹಾಗೆ ಗುಡುಗಿದ: “ಉಪ್ಪು ನಿಮ್ಮದು ತಾನೇ? ನೀವೇ ನೆಕ್ಕಿ!”

ಮೂವರೂ ತಲೆದೂಗಿದರು. ಮರುಕ್ಷಣವೇ ಅವನು ಬಲಗೈ ಎತ್ತಿ, ಬಸ್ಸು ನಿಲ್ಲಿಸುವವನ ಹಾಗೆ, ಅಂಗೈಯನ್ನು ಸಭಾಂಗಣದ ತುದಿಗೆ ಚಾಚಿದ. ನೊಣ ಓಡಿಸಿದನೋ ಏನೋ. ಗಾಜಿನ ಪೆಟ್ಟಿಗೆಯಲ್ಲಿ ಬೆಪ್ ಅರ್ಧ ಎದ್ದು ನಿಂತಳು, ಸತ್ತುಹೋದ ಮೈಕಿನ ಮೇಲೆ ಕೈಯಿಟ್ಟು.

ಅಯ್‌ಜಮಾಲ್‌ಗೆ ಅಷ್ಟರಲ್ಲಿ ಕೇಳಿಸಿಯಾಗಿತ್ತು. ಅವಳ ಭಾಷೆಯಲ್ಲಿ, ಬೆಕ್ತೂರನ ದನಿಯಲ್ಲಿ. ಅವಳು ಹೆಡ್‌ಫೋನ್ ತೆಗೆದು, ಮೊಟ್ಟೆ ಇಡುವ ಹಾಗೆ ಮೇಜಿನ ಮೇಲಿಟ್ಟು, ಹೊರಗೆ ಹೋದಳು. ಮೀಸೆಯವರಿಬ್ಬರೂ ಹಿಂದೆ ಹೋದರು. ಬೆಕ್ತೂರ್ ಕೈ ಎತ್ತಿಕೊಂಡೇ ಇದ್ದ. ಆಮೇಲೆ ಅದು ಬೇರೆ ಯಾರದೋ ಕೈ ಎಂಬಂತೆ ನೋಡಿ ಕೆಳಗಿಳಿಸಿದ.

ಯಂತ್ರದ ತಪ್ಪೇನೂ ಇಲ್ಲ. ಆಡಿದ್ದನ್ನು ಅದು ಮುಟ್ಟಿಸಿತು. ಬೆಪ್ ಆಗಿದ್ದರೆ ಸಕ್ಕರೆ ಸವರಿ ಕೊಡುತ್ತಿದ್ದಳು. ಬೈಗುಳ ಬಚ್ಚಿಡುವುದೂ ಸುಳ್ಳೇ, ಸುಳ್ಳಿನ ಮೇಲೆ ನ್ಯಾಯ ಕಟ್ಟಲಾಗುವುದಿಲ್ಲ.

ಎಲ್ಲರೂ ಹೋದ ಮೇಲೆ ಹೆಡ್‌ಫೋನ್ ಎತ್ತಿಟ್ಟೆ. ಅದಿನ್ನೂ ಬೆಚ್ಚಗಿತ್ತು.

ನವೆಂಬರ್ ೧೭, ಸೋಮವಾರ

ಕಲಾಪ ಇಲ್ಲ. ನೀರಿನ ಲೋಟಗಳನ್ನು ಇಟ್ಟೆ, ತೆಗೆದೆ.

ನವೆಂಬರ್ ೧೮

ಇಲ್ಲ.

ನವೆಂಬರ್ ೨೦, ಗುರುವಾರ

ಸೈಕಲ್ ಅಂಗಡಿಯ ಮಹಡಿಯ ಮೇಲೆ ನಮ್ಮ ಬಳಗದ ಸಭೆ. ಕೆಳಗೆ ಯಾರೋ ಚಕ್ರ ತಿರುಗಿಸುತ್ತಿದ್ದರು, ಟಿಕ್‌ಟಿಕ್‌ಟಿಕ್ ಎಂದು ಮಾತಿನುದ್ದಕ್ಕೂ ಕೇಳುತ್ತಿತ್ತು.

ವೌಟರ್ ಮೇಜು ಗುದ್ದಿ ಹೇಳಿದ: “ಸರಿಯಾದ ಗೆರೆ ಎಳೆದು ಕೊಟ್ಟಿದೆ ಯಂತ್ರ. ಒಪ್ಪದೇ ಇದ್ರೆ ಹೇರಬೇಕು. ಒಪ್ಪಿಗೆ ಯಾಕೆ ಕೇಳ್ಬೇಕು? ಗಣಿತಕ್ಕೆ ಯಾರಾದ್ರೂ ಒಪ್ಪಿಗೆ ಕೇಳ್ತಾರಾ?”

ಚಪ್ಪಾಳೆ. ಅದೇ ಮುಂದಿನ ಕರಪತ್ರವಾಗಬೇಕೆಂದು ತೀರ್ಮಾನ. ಬರೆಯುವವಳು ನಾನು. ಎಲ್ಲರ ಜೊತೆ ನಾನೂ ಕೈ ಎತ್ತಿದೆ. ಎತ್ತಿದ ಕೈ ನೋಡಿದಾಗ ಬೆಕ್ತೂರನ ಅಂಗೈ ನೆನಪಾಯಿತು. ಅವನು ನೋಡಿದ್ದು ಬೆಪ್ ಕಡೆಗೆ. ನೊಣ ಇರಲಿಲ್ಲ. ನವೆಂಬರಿನಲ್ಲಿ ಎಲ್ಲಿಯ ನೊಣ?

ಕರಪತ್ರ ಶುರು ಮಾಡಿದೆ. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ.

ನವೆಂಬರ್ ೨೬, ಬುಧವಾರ

ಕೇಳಿಯೇಬಿಟ್ಟೆ. ಖಾಲಿ ಸಭಾಂಗಣ, ಗಾಜಿನ ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಬೆಪ್ ಹಸಿರು ತೋಳು ಹೆಣೆಯುತ್ತಿದ್ದಳು. ಕಾಫಿ ಕೊಟ್ಟು, ಡಬ್ಬಿಯನ್ನು ತೆರೆದೇ ಇಟ್ಟೆ.

“ಓಹೋ, ಎರಡು ಬಿಸ್ಕತ್ತು! ಏನು ಬೇಕು ನಿನಗೆ?”

“ಬೆಕ್ತೂರ್ ಕೈ ಎತ್ತಿದ್ದು ಯಾಕೆ?”

ಅವಳು ನೂಲು ಬಿಡಿಸುತ್ತಾ ತುಂಬ ಹೊತ್ತು ಸುಮ್ಮನಿದ್ದಳು. ಈ ಮುದುಕಿಯ ಸುಮ್ಮನಿರುವಿಕೆ ಒಂದು ಕೋಣೆಯ ಹಾಗೆ, ಒಳಗೆ ಕುರ್ಚಿ ಇರುವ ಕೋಣೆ. ನಾನು ಕೂತೆ.

“ನನ್ನ ಹತ್ರ ಮಾತು ನಿಲ್ಸು ಅಂತ ಹೇಳ್ತಿದ್ದ, ಪಾಪ. ಅಭ್ಯಾಸಬಲ. ನಾನು ಮೈಕಿನಲ್ಲಿದ್ದಾಗ ಒಂದು ಉಸಿರು ತಡ ಮಾಡ್ತಿದ್ದೆ. ಬೇಕಂತಲೇ. ನೋಡು, ಹಿಂದೆ ಕೂತವರಿಗೆ ಕೇಳೋ ಹಾಗೆ ಒಂದು ಬಿರುಸು ಮಾತು ಆಡದೇ ಇದ್ರೆ ಊರಿಗೆ ಹೋದ ಮೇಲೆ ಇವನ ತಲೆ ಉಳಿಯಲ್ಲ. ಅದಕ್ಕೇ ಕೂಗೋದು. ಕೂಗಿದ ಮೇಲೆ ನನ್ನ ಕಡೆ ಅಂಗೈ. ನಾನು ಆ ಮಾತು ಬಿಟ್ಬಿಡ್ತಿದ್ದೆ. ಎದುರಿನವರಿಗೆ ಮಾತು ಕೇಳ್ತಿರಲಿಲ್ಲ, ಕೈ ಕಾಣ್ತಿತ್ತು. ಬೈದ ಅಂತ ಗೊತ್ತಾಗೋದು. ವಾಪಸ್ ತಗೊಂಡ ಅಂತಾನೂ ಗೊತ್ತಾಗೋದು.”

“ಅದು ಮೋಸ!”

“ಹ್ಞೂಂ. ಇಬ್ಬರಿಗೂ ಗೊತ್ತಿದ್ದೂ ನಡೆಯೋ ಮೋಸಕ್ಕೆ ಏನಂತಾರೆ, ನಿನ್ನ ಕರಪತ್ರದಲ್ಲಿ?”

ಡಬ್ಬಿಯನ್ನು ಅವಳ ಕಡೆ ತಳ್ಳಿದೆ. ಉತ್ತರ ನಾಳೆ ಹೊಳೆಯುತ್ತದೆ.

“ಯಂತ್ರಕ್ಕೂ ಕಣ್ಣು ಕೊಟ್ರಾಯ್ತು,” ಎಂದೆ. “ಕೈ ನೋಡೋದು ಕಲಿಯುತ್ತೆ.”

“ಕಲಿಯುತ್ತೆ, ಜಾಣ ಅದು. ಆದ್ರೆ ಸಂಜೆ ವರದಿಯಲ್ಲಿ ಬರೆದು ಇಬ್ಬರಿಗೂ ಕಳಿಸುತ್ತಲ್ಲಮ್ಮಾ. ಇಂಥವರು ಇಂಥ ಹೊತ್ತಿನಲ್ಲಿ ಇಂಥ ಬೈಗುಳವನ್ನು ಹಿಂಪಡೆದಿರುತ್ತಾರೆ ಅಂತ.”

ನಗಬಾರದೆಂದುಕೊಂಡಿದ್ದೆ. ಮೂಗಿನಿಂದ ಕಾಫಿ ಬಂತು.

ಅಯ್‌ಜಮಾಲ್‌ಗೆ ಇದನ್ನು ಹೇಳು ಎಂದೆ. ಬೆಪ್ ತಲೆ ಅಲ್ಲಾಡಿಸಿದಳು. ಪೆಟ್ಟಿಗೆಯವರು ಪೆಟ್ಟಿಗೆಯ ಹೊರಗೆ ಪಕ್ಷದವರ ಜೊತೆ ಮಾತಾಡಬಾರದು, ಮೂವತ್ತು ವರ್ಷದಲ್ಲಿ ಒಮ್ಮೆಯೂ ಮಾತಾಡಿಲ್ಲ, ಈಗ ಕೊನೆಯ ತಿಂಗಳಲ್ಲಿ ಶುರು ಮಾಡುವುದಿಲ್ಲ. “ನೀನೂ ಸಹಿ ಹಾಕಿದೀಯ, ಮರೀಬೇಡ.”

ಮುಂದಿನ ಗುರುವಾರ ಕೊನೆಯ ಕಲಾಪ. ಆಗಲಿಲ್ಲ ಎಂದು ಬರೆದು ಮುಗಿಸುವುದಕ್ಕಂತೆ.

ನವೆಂಬರ್ ೨೮, ಶುಕ್ರವಾರ

ಕನಸು. ಸಭಾಂಗಣದ ತುಂಬ ನೀರು, ತಿಳಿ ನೀರು, ಮೊಣಕಾಲಿನವರೆಗೆ. ಎಲ್ಲರೂ ಪ್ಯಾಂಟು ಮಡಚಿಕೊಂಡು ಕೂತಿದ್ದಾರೆ. ಯಾರೋ ಮಾತಾಡಿದರೆ ಮಾತು ದೋಣಿಯ ಹಾಗೆ ತೇಲುತ್ತಾ ಆಚೆ ದಡಕ್ಕೆ ಹೋಗುತ್ತದೆ. ಎಲ್ಲರೂ ಅದು ಮುಟ್ಟುವವರೆಗೆ ನೋಡುತ್ತಾ ಕೂತಿರುತ್ತಾರೆ. ಕೆಲವು ದೋಣಿಗಳು ನಡುವೆಯೇ ಮುಳುಗುತ್ತವೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎದ್ದಾಗ ಕಾಲು ತಣ್ಣಗಿತ್ತು. ಹೊದಿಕೆ ಜಾರಿತ್ತು, ಅಷ್ಟೇ.

ನವೆಂಬರ್ ೩೦, ಭಾನುವಾರ

ಬರೆಯಬಾರದ್ದನ್ನು ಬರೆಯುತ್ತಿದ್ದೇನೆ.

ಮಧ್ಯಾಹ್ನ ಕಡಲ ದಂಡೆಯಲ್ಲಿ ನಡೆಯುತ್ತಿದ್ದೆ. ಬೇಸಿಗೆಯ ಗದ್ದಲದ ಅಂಗಡಿಗಳೆಲ್ಲ ಮುಚ್ಚಿವೆ, ಹೆರಿಂಗ್ ಮೀನಿನ ಗಾಡಿಯೊಂದು ಬಿಟ್ಟರೆ ಯಾರೂ ಇಲ್ಲ. ದೂರದಲ್ಲಿ ಒಬ್ಬಳು ಬೂಟು ಕಳಚಿ ನೀರಿನಲ್ಲಿ ನಿಂತಿದ್ದಳು. ಈ ಚಳಿಯಲ್ಲಿ! ಹುಚ್ಚಿ ಯಾರಪ್ಪಾ ಎಂದುಕೊಂಡು ಹತ್ತಿರ ಹೋದರೆ ಅಯ್‌ಜಮಾಲ್. ಬೊಗಸೆಯಲ್ಲಿ ಕಡಲ ನೀರು ಹಿಡಿದು, ನಾಲಿಗೆಗೆ ತಾಗಿಸಿ, ಉಗಿದಳು. ಆಮೇಲೆ ನನ್ನನ್ನು ನೋಡಿದಳು. ಹೂಜಿಯ ಹುಡುಗಿ ಎಂದು ಗುರುತು ಹಿಡಿದಳು.

ತಿರುಗಿ ಹೋಗಬಹುದಿತ್ತು. ಫೋನು ತೆಗೆದೆ. ನಮ್ಮಿಬ್ಬರ ನಡುವೆ ಫೋನೇ ದುಭಾಷಿ.

“ನಮ್ಮ ಹೊಲದ್ದು ಇದಕ್ಕಿಂತ ಕಹಿ,” ಎಂದಳು ಅವಳು. “ಇಷ್ಟೊಂದು ಉಪ್ಪು ಪಕ್ಕದಲ್ಲಿ ಇಟ್ಕೊಂಡು ನಿಮಗೆ ನಿದ್ದೆ ಹೇಗೆ ಬರುತ್ತೆ?”

“ಗೋಡೆ ಕಟ್ಟಿದೀವಿ. ಒಂದ್ಸಲ ಒಡೆದು ನುಗ್ಗಿತ್ತು. ನಮ್ಮಜ್ಜಿಯ ಊರಿನ ಹೊಲ ಎಲ್ಲಾ ಉಪ್ಪಾಗಿತ್ತು.”

ಅವಳ ಮುಖ ಅರಳಿತು. ಸಂಬಂಧಿಕರು ಸಿಕ್ಕ ಹಾಗೆ. “ತೊಳೆಯೋಕೆ ಎಷ್ಟು ದಿನ ಹಿಡೀತು?”

“ಅಜ್ಜಿ ಮದುವೆ ಆಗೋವರೆಗೆ ಹಿಡೀತಂತೆ.”

“ಹುಡುಗ ಬೇಗ ಸಿಕ್ಕಿದ್ನಾ?”

“ತುಂಬಾ ಆಯ್ಕೆ ಮಾಡ್ತಿದ್ಲಂತೆ.”

ನಕ್ಕಳು. ಅಲೆ ಬಂದು ಅವಳ ಕಾಲು ಮುಚ್ಚಿತು, ಬಿಚ್ಚಿತು. ಆಗ ಹೇಳಿದೆ. ಅಂಗೈ, ಗಾಜಿನ ಪೆಟ್ಟಿಗೆ, ಒಂದು ಉಸಿರಿನ ತಡ, ಎಲ್ಲ. ಫೋನು ನನ್ನ ಮಾತನ್ನು ನನ್ನ ದನಿಯಲ್ಲೇ ಹೇಳಿತು, ಹೇಳುವಾಗ ನಾನು ನಡುಗುತ್ತಿದ್ದದ್ದನ್ನೂ.

“ಅಂದ್ರೆ ಆ ಮಾತು ನನಗೆ ಆಡಿದ್ದಲ್ಲ?”

“ಹಿಂದೆ ಕೂತ ಮೂವರಿಗೆ.”

“ನನಗೆ ಆಡಿದ್ದು?”

“ಕೈ.”

ಗಾಳಿ ಜೋರಾಯಿತು. ಫೋನು ಗಾಳಿಯನ್ನೂ ಭಾಷಾಂತರಿಸಲು ನೋಡಿತು. ಪರದೆಯ ಮೇಲೆ ‘ಇಲ್ಲ, ಇಲ್ಲ, ಇಲ್ಲ, ಬಾ’ ಎಂದು ಬರೆಯಿತು. ಇಬ್ಬರೂ ನೋಡಿದೆವು. ಫೋನನ್ನು ಜೇಬಿಗೆ ಹಾಕಿದೆ. ಆಮೇಲೆ ಎಷ್ಟೋ ಹೊತ್ತು, ಬೆಳಕು ಬೂದಿಯ ಬಣ್ಣಕ್ಕೆ ತಿರುಗುವವರೆಗೆ, ಮಾತಿಲ್ಲದೆ ನಡೆದೆವು. ಅವಳ ಬೂಟು ನನ್ನ ಕೈಯಲ್ಲಿತ್ತು. ಯಾವಾಗ ಕೊಟ್ಟಳೋ.

ಕರಪತ್ರದ ಎರಡನೆಯ ಸಾಲು ಇನ್ನೂ ಬಂದಿಲ್ಲ.

ಡಿಸೆಂಬರ್ ೨, ಮಂಗಳವಾರ

ಅಯ್‌ಜಮಾಲ್ ತೀರ್ಪುಗಾರರ ಅಧ್ಯಕ್ಷೆಯ ಮುಂದೆ ಹೋಗಿ, ಗುರುವಾರ ತನಗೆ ಪೆಟ್ಟಿಗೆಯ ಮನುಷ್ಯರೇ ಬೇಕು ಎಂದಳಂತೆ. ಇಬ್ಬರೂ ಒಪ್ಪಿದರೆ ಹಾಗೆ ಮಾಡಲು ನಿಯಮದಲ್ಲಿ ಅವಕಾಶವಿದೆ. ಬೆಕ್ತೂರನನ್ನು ಕೇಳಿದರೆ, ಪ್ರಶ್ನೆ ಮುಗಿಯುವ ಮೊದಲೇ ಹ್ಞೂಂ ಎಂದನಂತೆ. ಯಂತ್ರ ತಕ್ಷಣ ಭಾಷಾಂತರಿಸುವುದರಿಂದ ಪ್ರಶ್ನೆ ಮುಗಿಯುವ ಮೊದಲು ಉತ್ತರಿಸುವುದು ಕಷ್ಟ. ಆದರೂ ಉತ್ತರಿಸಿದ.

ಮೇಲ್ವಿಚಾರಕ ರೂಲೋಫ್ಸ್ ಸಿಡಿಮಿಡಿ. “ಇಪ್ಪತ್ತೊಂದನೇ ಶತಮಾನದಲ್ಲಿ ಕುದುರೆ ಗಾಡಿ ಕೇಳ್ತಿದಾರೆ!” ಹಿಂದಿನ ತಿಂಗಳು ಇದು ನನ್ನ ಮಾತಾಗಿರುತ್ತಿತ್ತು. ಪೆಟ್ಟಿಗೆಯ ಗಾಜು ಒರೆಸು ಎಂದ. ಒರೆಸಿದೆ. ಒಳಗಿನಿಂದಲೂ.

ಡಿಸೆಂಬರ್ ೪, ಗುರುವಾರ

ಸಭಾಂಗಣ ಇಷ್ಟು ನಿಧಾನವಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

ಒಬ್ಬರು ಒಂದು ಮಾತು ಆಡುತ್ತಾರೆ. ಬೆಪ್ ಉಸಿರು ತೆಗೆದುಕೊಳ್ಳುತ್ತಾಳೆ, ಅದು ನನ್ನ ಹೆಡ್‌ಫೋನಿನಲ್ಲೂ ಕೇಳಿಸುತ್ತದೆ. ಎದುರಿನವರ ಭಾಷೆಯಲ್ಲಿ ಹೇಳುತ್ತಾಳೆ. ಆಮೇಲೆ ತೀರ್ಪುಗಾರರಿಗೆಂದು ಸಭೆಯ ಭಾಷೆಯಲ್ಲಿ ಇನ್ನೊಮ್ಮೆ. ಅಷ್ಟು ಹೊತ್ತು ಆಡಿದವನಿಗೆ ಮಾಡಲು ಏನೂ ಇಲ್ಲ, ತಾನು ಆಡಿದ್ದನ್ನು ತಾನೇ ಯೋಚಿಸುವುದನ್ನು ಬಿಟ್ಟು. ಬೆಕ್ತೂರ್ ಕಿಟಕಿ ನೋಡಿದ. ಅಯ್‌ಜಮಾಲ್ ಮೇಜಿನ ಮೇಲೆ ಬೆರಳಿನಿಂದ ಏನೋ ಗೀರಿದಳು, ನದಿ ಇರಬಹುದು. ನೀರಿನ ಲೋಟಗಳು ಖಾಲಿಯಾದವು, ತುಂಬಿದೆ, ಖಾಲಿಯಾದವು. ಕಿಟಕಿಯ ಬಿಸಿಲು ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿತು.

ಬೆಕ್ತೂರ್ ತನ್ನೂರಿನ ಚಳಿಯ ಬಗ್ಗೆ ಹೇಳಿದ. ಕಳೆದ ಜನವರಿಯಲ್ಲಿ ಕರೆಂಟು ಹೋಗಿ, ಹೆರಿಗೆ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ದಾದಿಯರು ಕೋಟಿನೊಳಗೆ ಹಾಕಿಕೊಂಡು ಕೂತಿದ್ದರಂತೆ. ಯಂತ್ರದ ಮುಂದೆಯೂ ಇದನ್ನೇ ಹೇಳಿದ್ದ, ನನಗೆ ನೆನಪಿದೆ. ಅವತ್ತು ನನಗೆ ಅದು ವಾದವಾಗಿ ಕೇಳಿಸಿತ್ತು.

ಊಟದ ಹೊತ್ತು ಹತ್ತಿರವಾದಾಗ ಕೆಟ್ಟಿತು. ಬೆಕ್ತೂರ್ ಯಂತ್ರ ಎಳೆದಿದ್ದ ಗೆರೆಗಿಂತ ಎಷ್ಟೋ ಕೆಳಗೆ ಒಂದು ಲೆಕ್ಕ ಹೇಳಿದ. ಅಯ್‌ಜಮಾಲ್ ಹಿಂದಿದ್ದ ಮೀಸೆಯವರು ಕುರ್ಚಿ ಕಿರುಗುಟ್ಟಿಸಿದರು, ಒಬ್ಬ ಏನೋ ಗೊಣಗಿದ. ಅವಳ ಕಿವಿ ಕೆಂಪಾಯಿತು. ಎದ್ದಳು. ಮೇಜಿಗೆ ಎರಡೂ ಕೈ ಊರಿ, ಅವಳ ಭಾಷೆಯಲ್ಲಿ, ನಾನು ಅವಳಿಂದ ಕೇಳಿರದಿದ್ದ ಒಡಕು ದನಿಯಲ್ಲಿ ಏನೋ ಅಂದಳು. ಉದ್ದವಾಗಿ. ಕೊನೆಯ ಪದವನ್ನು ಉಗಿದಳು. ಮೀಸೆಯವರ ಮುಖದಲ್ಲಿ ಹಬ್ಬ.

ಬೆಪ್ ಉಸಿರು ತೆಗೆದುಕೊಂಡಳು.

ನನ್ನ ಕಿವಿಯಲ್ಲಿ ಆ ಉಸಿರು ನಿಂತಿತ್ತು. ಹೊರಗೆ ಹೋಗಲೂ ಇಲ್ಲ, ಒಳಗೆ ಇಳಿಯಲೂ ಇಲ್ಲ. ಎಷ್ಟು ದೊಡ್ಡ ಉಸಿರು ಅದು. ಅದರೊಳಗೆ ಒಂದು ಊರು ಹಿಡಿಸುತ್ತಿತ್ತು.

ಅಯ್‌ಜಮಾಲ್ ತಲೆ ತಗ್ಗಿಸಿ ನಿಂತಿದ್ದಳು. ಅವಳ ಬಲಗೈ ಮೇಜಿನಿಂದ ಬಿಡಿಸಿಕೊಂಡಿತು. ಮೇಲಕ್ಕೆ ಬಂತು, ಭುಜದವರೆಗೆ, ನಾಚಿಕೊಂಡ ಹಾಗೆ. ಅಂಗೈ ಗಾಜಿನ ಪೆಟ್ಟಿಗೆಯ ಕಡೆಗೆ ತಿರುಗಿತು.

ಬೆಪ್ ಉಸಿರು ಬಿಟ್ಟಳು. ಏನೂ ಹೇಳಲಿಲ್ಲ.

ಬೆಕ್ತೂರನಿಗೆ ಏನೂ ಕೇಳಿಸಲಿಲ್ಲ. ಅವನು ಆ ಕೈಯನ್ನು ನೋಡುತ್ತಿದ್ದ. ಆಮೇಲೆ ಹೆಡ್‌ಫೋನ್ ತೆಗೆದು, ಮೂಗು ಒರೆಸಿಕೊಂಡು, ಅಧ್ಯಕ್ಷೆಯ ಕಡೆ ತಿರುಗಿ ಸಭೆಯ ಭಾಷೆಯಲ್ಲೇ ಹರಕು ಮುರುಕಾಗಿ ಹೇಳಿದ: “ನನಗೆ ಬೈದಿದಾರೆ, ಚೆನ್ನಾಗೇ ಬೈದಿದಾರೆ ಅನ್ಸುತ್ತೆ. ಇವರ ಜಾಗದಲ್ಲಿ ಕೂರ್ತಿದ್ದ ಹಿರಿಯರೂ ಹೀಗೇ ಬೈತಿದ್ರು, ದೇವರು ಅವರನ್ನ ಚೆನ್ನಾಗಿಟ್ಟಿರಲಿ. ನಾವು ಊಟ ಮಾಡಿ ಬಂದು, ಆ ಮೊದಲನೇ ಗೆರೆಯನ್ನ ಇನ್ನೊಂದ್ಸಲ ನೋಡೋಣವಾ?”

ಡಿಸೆಂಬರ್ ೫, ಶುಕ್ರವಾರ

ಸಿಂಟರ್‌ಕ್ಲಾಸ್ ಹಬ್ಬದ ಸಂಜೆ. ಕಚೇರಿಯಲ್ಲೂ ಉಡುಗೊರೆ, ಜೊತೆಗೆ ಒಬ್ಬರನ್ನೊಬ್ಬರು ಚುಡಾಯಿಸುವ ಪದ್ಯ. ನನ್ನ ಹೆಸರಿನ ಪೊಟ್ಟಣದಲ್ಲಿ ಹಸಿರು ಉಣ್ಣೆಯ ಅಂಗಿ ಇತ್ತು. ಪದ್ಯವನ್ನು ನಾನೇ ಗಟ್ಟಿಯಾಗಿ ಓದಬೇಕಾಯಿತು:

ಕಾಯೋದಂದ್ರೆ ನಮ್ಮ ನೇಲ್ತ್ಯಗೆ ಉರಿಯೋದು ಮೈಯೆಲ್ಲ,
ಕುದಿಯೋ ಮುಂಚೆ ಮೊಟ್ಟೆ ಸುಲಿದು, ಬೆಂದಿಲ್ಲಾಂತಾಳಲ್ಲ!
ಹಲ್ಲಿಲ್ಲದ ಮುದುಕಿ ಹೆಣೆದ ಅಂಗಿ ತೊಟ್ಟು ನೋಡಮ್ಮ,
ಒಂದು ತೋಳು ಉದ್ದ ಇದೆ, ಬೆಳೆಯೋವರೆಗೂ ಕಾಯಮ್ಮ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಂದು ತೋಳು ನಿಜವಾಗಿಯೂ ಉದ್ದವಿದೆ.

ಡಿಸೆಂಬರ್ ೧೧, ಗುರುವಾರ

ಸಹಿಯಾಯಿತು. ಯಂತ್ರ ಮೊದಲ ವಾರ ಎಳೆದಿದ್ದ ಗೆರೆಯೇ, ಒಂದಿಷ್ಟು ಅತ್ತ, ಒಂದಿಷ್ಟು ಇತ್ತ. ಅದು ಸರಿಯಾಗಿಯೇ ಎಳೆದಿತ್ತು. ಆದರೆ ಅಲ್ಲಿಯವರೆಗೆ ಇವರು ನಡೆದುಕೊಂಡೇ ಬರಬೇಕಿತ್ತು.

ಮಾರ್ಚಿಗೆ ನೀರು ಇರುತ್ತದೆ.

ಮಧ್ಯಾಹ್ನ ರೂಲೋಫ್ಸ್ ಕರೆಸಿದ. “ಕಡಲ ದಂಡೆಯಲ್ಲಿ ಯಾರೋ ನಿನ್ನ ನೋಡಿದ್ರಂತೆ. ಆಯಮ್ಮನ ಬೂಟು ಹಿಡ್ಕೊಂಡು ನಡೀತಿದ್ಯಂತೆ. ವ್ಯಾಜ್ಯದ ವಿಷಯ ಮಾತಾಡಿದ್ಯಾ?”

ಮಾತಾಡಿದೆ ಎಂದೆ.

“ಯಾಕೆ?”

ಉತ್ತರ ಇತ್ತು, ಚೆನ್ನಾದ ಉತ್ತರ, ಕರಪತ್ರದಲ್ಲಿ ಹಾಕಬಹುದಾದಂಥದ್ದು. ಕಿಟಕಿಯಾಚೆ ಒಂದು ಕಡಲಹಕ್ಕಿ ಗಾಳಿಗೆ ಎದುರಾಗಿ ನಿಂತಲ್ಲೇ ಹಾರುತ್ತಿತ್ತು. ಅದನ್ನು ನೋಡುತ್ತಿದ್ದ ಹಾಗೆ ಉತ್ತರ ಹೊರಟುಹೋಯಿತು. ರೂಲೋಫ್ಸ್ ಕೂಡ ಅದನ್ನೇ ನೋಡಿದ. ಪಾಪ, ಕಣ್ಣಿನ ಕೆಳಗೆ ಕಪ್ಪು ಬಂದಿದೆ ಅವನಿಗೆ.

“ವರ್ಷದ ಕೊನೆಗೆ ಕೆಲಸ ಬಿಡ್ತೀಯ. ನನ್ನ ಕೈಲಿ ಇಲ್ಲ,” ಎಂದ.

ಬೆಪ್‌ಗೂ ಅದೇ ದಿನ ಕೊನೆ. ಇಬ್ಬರೂ ಒಟ್ಟಿಗೆ ಟ್ರಾಮ್ ಹತ್ತುತ್ತೇವೆ.

ಡಿಸೆಂಬರ್ ೩೧

ಬೆಪ್ ಮನೆಯಲ್ಲಿ ಕರಿದ ಹಿಟ್ಟಿನುಂಡೆ ತಿಂದೆ. ಸಕ್ಕರೆ ಪುಡಿ ಡೈರಿಯ ಮೇಲೂ ಬಿದ್ದಿದೆ. ಒರೆಸುವುದಿಲ್ಲ.

ಮಾರ್ಚ್ ೧೫, ಭಾನುವಾರ

ಎಷ್ಟು ದಿನವಾಯಿತು ಬರೆದು. ಹೂವಿನ ಅಂಗಡಿಯ ಕೆಲಸ ಕೈಯನ್ನು ಒರಟು ಮಾಡಿದೆ, ಆದರೆ ಬೆಳಿಗ್ಗೆ ಬಕೆಟ್ಟುಗಳಿಗೆ ನೀರು ತುಂಬುವಾಗ ಸುಖವೆನ್ನಿಸುತ್ತದೆ.

ನಿನ್ನೆ ಸೈಕಲ್ ಅಂಗಡಿಯ ಮಹಡಿಗೆ ಹೋಗಿದ್ದೆ. ಬಾಕಿ ಉಳಿದ ಕರಪತ್ರವನ್ನು ವಾಪಸ್ ಕೊಡಲು: ಒಂದು ಸಾಲು, ಅದರ ಕೆಳಗೆ ಬಿಳಿ ಹಾಳೆ. ವೌಟರ್ ಓದಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದ: “ಮುದುಕಿ ಒಂದು ಅಂಗಿ ಹೆಣೆದು ಕೊಟ್ಟಿದ್ದಕ್ಕೆ ಮಾರ್ಕೊಂಡ್ಯಲ್ಲೇ ನಿನ್ನನ್ನ! ದ್ರೋಹಿ!”

ಕೆಳಗೆ ಚಕ್ರ ತಿರುಗುತ್ತಿತ್ತು. ಬೀದಿಯಲ್ಲಿ ಟ್ರಾಮ್ ಬಂತು. ಅದು ಹೋಗುವವರೆಗೆ ಸುಮ್ಮನಿದ್ದೆ, ಯಾಕೋ ಗೊತ್ತಿಲ್ಲ. ವೌಟರ್ ಕೂಡ ಕಾದ. ಅವನ ಹಿಂದೆ ಹೊಸ ಹುಡುಗರು ನಾಲ್ಕು ಜನ ನಿಂತು ಅವನನ್ನೇ ನೋಡುತ್ತಿದ್ದರು. ಟ್ರಾಮಿನ ಸದ್ದು ಅಡಗಿದಾಗ ಅವನು ಕಣ್ಣು ತಪ್ಪಿಸಿ, ಮೆಲ್ಲಗೆ, “ಚಹಾ ಕುಡೀತೀಯಾ?” ಎಂದ. ಕುಡಿದೆ.

ಇವತ್ತು ಬೆಳಿಗ್ಗೆ ಅಯ್‌ಜಮಾಲ್‌ಳಿಂದ ಒಂದು ಚಿತ್ರ ಬಂತು. ಹೊಲವೋ ಆಕಾಶವೋ ತಿಳಿಯದ ಹಾಗೆ ನೀರು. ನಡುವೆ ತೆಳ್ಳನೆಯ ಬದು, ಬದುವಿನ ಮೇಲೆ ಒಂದು ಜೊತೆ ಬೂಟು. ಜೊತೆಗೆ ಅವಳ ದನಿ. ಅವಳ ಭಾಷೆಯಲ್ಲಿ ಏನೋ ಹೇಳುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ಏನೋ ಹೇಳುತ್ತಾಳೆ. ನಿಲ್ಲಿಸಿದಾಗ ಹಿಂದೆ ನೀರು ನೆಲಕ್ಕೆ ಇಳಿಯುವ ಸದ್ದು.

ಭಾಷಾಂತರಿಸಲೇ ಎಂದು ಫೋನು ಕೇಳುತ್ತಿದೆ. ತಾಳು. ಇನ್ನೊಂದು ಸಲ ಹೀಗೇ ಕೇಳಿಸಿಕೊಂಡು, ಆಮೇಲೆ.